ಮುಕ್ತ ತಂತ್ರಾಂಶಕ್ಕೆ ಕೋಡ್ ಕೊಡುವಾಗ ಸಿಎಲ್‌ಎಗೆ ಸಹಿ ಹಾಕಬಹುದೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಮುಕ್ತ ತಂತ್ರಾಂಶ ಯೋಜನೆಯೊಂದಕ್ಕೆ ಪ್ಯಾಚ್ (ಕೋಡಿಗೆ ಮಾಡಿದ ತಿದ್ದುಪಡಿ) ಕಳಿಸಿದಾಗ ಸಿಎಲ್‌ಎ, ಅಂದರೆ ಕೊಡುಗೆದಾರರ ಪರವಾನಗಿ ಒಪ್ಪಂದಕ್ಕೆ ಸಹಿ ಹಾಕುವವರೆಗೂ ಸೇರಿಸುವುದಿಲ್ಲ ಎಂದರು, ಇನ್ನೊಂದು ಯೋಜನೆಯವರು ಕಮಿಟ್ ಸಂದೇಶದ (ಬದಲಾವಣೆಯನ್ನು ದಾಖಲಿಸುವಾಗ ಬರೆಯುವ ಟಿಪ್ಪಣಿಯ) ಕೊನೆಗೆ ‘ಸೈನ್ಡ್-ಆಫ್-ಬೈ’ ಎಂಬ ಒಂದೇ ಸಾಲು ಇದ್ದರೆ ಸಾಕು ಎಂದರು. ಇವೆರಡರಲ್ಲಿ ವ್ಯತ್ಯಾಸವೇನು, ಕಂಪನಿಯಲ್ಲಿ ನೌಕರಿಯಲ್ಲಿರುವವರು ಸಹಿ ಹಾಕಬಹುದೆ ಎಂದು ಕೇಳಿದ್ದೀರಿ. ಹಾಕಬಹುದು. ಆದರೆ ಅದಕ್ಕೆ ಮೊದಲು ಎರಡು ಸಂಗತಿಗಳು ನಿಮಗೆ ಖಚಿತವಾಗಿ ಗೊತ್ತಿರಬೇಕು: ಆ ಕೋಡನ್ನು ಕೊಡುವ ಹಕ್ಕು ನಿಮಗಿದೆಯೆ, ಮತ್ತು ಕೊಟ್ಟ ಮೇಲೆ ಅದರ ಬಗ್ಗೆ ತೀರ್ಮಾನ ಮಾಡುವವರು ಯಾರು.

ಒಂದೇ ಸಾಲಿನದ್ದನ್ನು ಮೊದಲು ನೋಡೋಣ. 2003ರಲ್ಲಿ ಎಸ್‌ಸಿಒ ಎಂಬ ಕಂಪನಿ, ತನ್ನ ಯುನಿಕ್ಸ್ ಕೋಡನ್ನು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಗೆ ಸೇರಿಸಲಾಗಿದೆ ಎಂದು ಆರೋಪಿಸಿ ಐಬಿಎಂ ಮೇಲೆ ದಾವೆ ಹೂಡಿತು. ಯಾವ ಸಾಲು ಯಾರಿಂದ, ಯಾವ ಹಕ್ಕಿನ ಮೇಲೆ ಬಂತು ಎಂಬುದಕ್ಕೆ ದಾಖಲೆ ಬೇಕೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಲಿನಕ್ಸ್‌ನ ಕರ್ತೃ ಲಿನಸ್ ಟೊರ್ವಾಲ್ಡ್ಸ್ 2004ರಲ್ಲಿ ಡಿಸಿಒ ಎಂಬ, ಕೋಡಿನ ಮೂಲದ ಬಗ್ಗೆ ಬರೆದವರೇ ಕೊಡುವ ಪುಟ್ಟ ಪ್ರಮಾಣಪತ್ರವನ್ನು ಮುಂದಿಟ್ಟರು. ‘ಇದನ್ನು ನಾನೇ ಬರೆದಿದ್ದೇನೆ, ಈ ಪರವಾನಗಿಯಡಿ ಕೊಡುವ ಹಕ್ಕು ನನಗಿದೆ, ಅಥವಾ ಸೂಕ್ತ ಪರವಾನಗಿಯಿರುವ ಬೇರೆಯವರ ಕೆಲಸದ ಆಧಾರದ ಮೇಲೆ ಬರೆದಿದ್ದೇನೆ, ಈ ದಾಖಲೆ ಸಾರ್ವಜನಿಕವಾಗಿ ಉಳಿಯುತ್ತದೆಂಬುದು ನನಗೆ ಗೊತ್ತಿದೆ’ ಎಂಬುದು ಅದರ ತಿರುಳು. ಕಮಿಟ್ ಮಾಡುವಾಗ ‘-s’ ಎಂಬ ಆಯ್ಕೆ ಕೊಟ್ಟರೆ, ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಎಂಬ ತಂತ್ರಾಂಶ, ಇದಕ್ಕೆ ಒಪ್ಪಿಗೆ ಸೂಚಿಸುವ, ನಿಮ್ಮ ಹೆಸರು ಮತ್ತು ಇಮೇಲ್ ಇರುವ ‘ಸೈನ್ಡ್-ಆಫ್-ಬೈ’ ಸಾಲನ್ನು ತಾನೇ ಸೇರಿಸುತ್ತದೆ. ಇದರಿಂದ ನೀವು ಯಾರಿಗೂ ಹೊಸ ಹಕ್ಕನ್ನೇನೂ ಬರೆದುಕೊಡುವುದಿಲ್ಲ. ಇರುವ ಹಕ್ಕಿನ ಬಗ್ಗೆ ಮಾತು ಕೊಡುತ್ತೀರಿ, ಅಷ್ಟೆ.

ಆ ಮಾತು ಕೊಡುವುದು ಸುಲಭ, ಅದು ನಿಜವಾಗಿರಬೇಕಾದದ್ದು ಮುಖ್ಯ. ಕೆಲವು ವರ್ಷಗಳ ಹಿಂದೆ ನಾನು ಒಂದು ಸಣ್ಣ ಲೈಬ್ರರಿಗೆ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಕೋಡಿಗೆ) ಹನ್ನೊಂದು ಸಾಲಿನ ತಿದ್ದುಪಡಿ ಬರೆದಿದ್ದೆ. ಕನ್ನಡ ಪದಗಳನ್ನು ಅಕಾರಾದಿಯಾಗಿ ಜೋಡಿಸುವಾಗ ಅನುಸ್ವಾರ ಮತ್ತು ವಿಸರ್ಗಗಳು ‘ಔ’ ಆದ ಮೇಲೆ, ‘ಕ’ಕ್ಕೆ ಮೊದಲು ಬರಬೇಕು, ಆದರೆ ಆ ಲೈಬ್ರರಿಯಲ್ಲಿ ‘ಅಂಗಡಿ’ಯು ‘ಅಕ್ಕಿ’ಗಿಂತ ಎಷ್ಟೋ ಕೆಳಗೆ ಹೋಗಿ ಕೂತಿತ್ತು. ಸರಿಪಡಿಸಿ, ಕಮಿಟ್ ಸಂದೇಶ ಬರೆದು, ‘ಈ ಕೋಡ್ ಕೊಡುವ ಹಕ್ಕು ನನಗಿದೆ’ ಎಂಬ ವಾಕ್ಯವನ್ನು ಓದುತ್ತಿದ್ದಾಗ ನನ್ನ ನೇಮಕಾತಿ ಪತ್ರ ನೆನಪಾಯಿತು. ತೆಗೆದು ನೋಡಿದರೆ, ನೌಕರಿಯ ಅವಧಿಯಲ್ಲಿ, ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ, ನಾನು ಬರೆಯುವ ತಂತ್ರಾಂಶವೆಲ್ಲ ಸಂಸ್ಥೆಗೆ ಸೇರಿದ್ದೆಂದು ಅದರಲ್ಲಿತ್ತು. ನಾನು ಕೆಲಸ ಮಾಡಿದ್ದೂ ಕಚೇರಿಯ ಲ್ಯಾಪ್‌ಟಾಪ್‌ನಲ್ಲೇ. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರವೂ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ರಚಿಸಿದ್ದಕ್ಕೆ ಉದ್ಯೋಗದಾತರೇ ಮೊದಲ ಒಡೆಯರು. ಆದ್ದರಿಂದ ಆ ಹನ್ನೊಂದು ಸಾಲನ್ನು ಕೊಡುವ ಅಧಿಕಾರ ಅಂದು ನನಗಿರಲಿಲ್ಲ. ಬೆಂಗಳೂರಿನ ಐಟಿ ಕಂಪನಿಗಳಲ್ಲಿರುವ ಎಷ್ಟೋ ಗೆಳೆಯರು ಇದನ್ನು ಗಮನಿಸದೆ ಸಹಿ ಹಾಕಿಬಿಡುತ್ತಾರೆಂಬುದೇ ನನ್ನ ಚಿಂತೆ. ಮುಂದೆ ತಕರಾರು ಬಂದರೆ ತೊಂದರೆ ನಿಮ್ಮೊಬ್ಬರಿಗೇ ಅಲ್ಲ, ಆ ಕೋಡನ್ನು ನಂಬಿ ಬಳಸಿದವರಿಗೆಲ್ಲ.

ಇನ್ನು ಸಿಎಲ್‌ಎ. ಇದು ನೀವು ಮತ್ತು ಯೋಜನೆಯ ಹಿಂದಿರುವ ಸಂಸ್ಥೆ ಮಾಡಿಕೊಳ್ಳುವ ಒಪ್ಪಂದ, ಆದ್ದರಿಂದ ಆ ಸಂಸ್ಥೆ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹಲವು ಮುಕ್ತ ತಂತ್ರಾಂಶ ಯೋಜನೆಗಳನ್ನು ನಡೆಸುವ ಅಪಾಚೆ ಪ್ರತಿಷ್ಠಾನದ ಒಪ್ಪಂದದಲ್ಲಿ ಹಕ್ಕುಸ್ವಾಮ್ಯ ನಿಮ್ಮಲ್ಲೇ ಉಳಿಯುತ್ತದೆ. ಕೋಡನ್ನೂ ಅದಕ್ಕೆ ಸಂಬಂಧಿಸಿದ ನಿಮ್ಮ ಪೇಟೆಂಟುಗಳನ್ನೂ ಬಳಸುವ ಅನುಮತಿಯನ್ನು ನೀವು ಲಾಭರಹಿತ ಸಂಸ್ಥೆಯೊಂದಕ್ಕೆ ಕೊಡುತ್ತೀರಿ. ಅದಕ್ಕೆ ಸಹಿ ಹಾಕಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಅದೇ ಅನುಮತಿಯನ್ನು ಒಂದೇ ವ್ಯಾಪಾರಿ ಕಂಪನಿಗೆ ಕೊಟ್ಟಾಗ, ಎಲ್ಲರ ಕೊಡುಗೆಯನ್ನೂ ಬೇರೆ ಪರವಾನಗಿಯಡಿ ಹೊರತರುವ ಶಕ್ತಿ ಆ ಕಂಪನಿಯೊಂದರಲ್ಲೇ ಕೂಡಿಬೀಳುತ್ತದೆ. 2023ರ ಆಗಸ್ಟ್‌ನಲ್ಲಿ ಹಾಶಿಕಾರ್ಪ್ ಕಂಪನಿ, ಕ್ಲೌಡ್ ಸೌಕರ್ಯಗಳನ್ನು ಕೋಡ್ ಮೂಲಕ ನಿರ್ವಹಿಸುವ ತನ್ನ ಟೆರಾಫಾರ್ಮ್ ತಂತ್ರಾಂಶವನ್ನು ಎಂಪಿಎಲ್ ಎಂಬ ಮುಕ್ತ ಪರವಾನಗಿಯಿಂದ ತೆಗೆದು, ಸ್ಪರ್ಧಿಗಳ ವ್ಯಾಪಾರಿ ಬಳಕೆಗೆ ನಿರ್ಬಂಧವಿರುವ ಬಿಎಸ್‌ಎಲ್‌ಗೆ ಬದಲಾಯಿಸಿತು. ಹೊರಗಿನ ಕೊಡುಗೆದಾರರು ಮೊದಲೇ ಸಿಎಲ್‌ಎಗೆ ಸಹಿ ಹಾಕಿದ್ದರಿಂದ ಅವರನ್ನು ಮತ್ತೆ ಕೇಳುವ ಅಗತ್ಯವೇ ಬೀಳಲಿಲ್ಲ. ಒಪ್ಪದವರು ಹಳೆಯ ಮುಕ್ತ ಆವೃತ್ತಿಯನ್ನು ಫೋರ್ಕ್ ಮಾಡಿ, ಅಂದರೆ ಅದರ ಪ್ರತಿಯನ್ನು ಬೇರೆ ಯೋಜನೆಯಾಗಿ ಬೆಳೆಸಿ, ಓಪನ್‌ಟೋಫು ಕಟ್ಟಿದರು. ಮರುತಿಂಗಳೇ ಅದು ಲಿನಕ್ಸ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯನ್ನು ಸೇರಿತು. ಕಂಪನಿ ಮಾಡಿದ್ದು ಕಾನೂನಿಗೆ ವಿರುದ್ಧವಲ್ಲ, ಆದರೆ ಸಂಜೆಯ ಹೊತ್ತು ಬಿಡುವು ಮಾಡಿಕೊಂಡು ಕೋಡ್ ಬರೆದವರಿಗೆ ಅದು ನೋವುಂಟುಮಾಡಿದ್ದು ನ್ಯಾಯವೇ ಎಂದು ನನ್ನ ಭಾವನೆ.

ಸಿಎಲ್‌ಎ ಇಲ್ಲದ ಮಾತ್ರಕ್ಕೆ ಎಲ್ಲವೂ ಭದ್ರ ಎಂದೂ ತಿಳಿಯಬೇಡಿ. ಬಿಎಸ್‌ಡಿಯಂಥ ಉದಾರ ಪರವಾನಗಿ ಇರುವಲ್ಲಿ, ಮುಂದಿನ ಆವೃತ್ತಿಗಳನ್ನು ಬೇರೆ ಷರತ್ತಿನಡಿ ಹೊರತರಲು ಆ ಪರವಾನಗಿಯೇ ಅವಕಾಶ ಕೊಡುತ್ತದೆ. 2024ರ ಮಾರ್ಚ್‌ನಲ್ಲಿ ರೆಡಿಸ್ ಎಂಬ ದತ್ತಾಂಶ ಸಂಗ್ರಹದ ತಂತ್ರಾಂಶದ ಪರವಾನಗಿ ಹಾಗೆಯೇ ಬದಲಾಯಿತು, ಕೆಲವೇ ದಿನಗಳಲ್ಲಿ ವಾಲ್ಕಿ ಎಂಬ ಫೋರ್ಕ್ ಹುಟ್ಟಿತು. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಕಥೆ ಬೇರೆ. ಅಲ್ಲಿ, ಬದಲಾಯಿಸಿ ಹಂಚುವವರೂ ಅದೇ ಪರವಾನಗಿಯಡಿ ಹಂಚಬೇಕೆನ್ನುವ ಜಿಪಿಎಲ್‌ನ ಎರಡನೇ ಆವೃತ್ತಿಯಡಿ ಸಾವಿರಾರು ಜನರ ಹಕ್ಕುಸ್ವಾಮ್ಯ ಚದುರಿಹೋಗಿರುವುದರಿಂದ ಟೊರ್ವಾಲ್ಡ್ಸ್ ಮನಸ್ಸು ಮಾಡಿದರೂ ಪರವಾನಗಿ ಬದಲಾಗದು.

ಇದಕ್ಕಾಗಿಯೇ, ಸಹಿಯ ಕಾಗದ ಓದಿದಷ್ಟೇ ಗಮನವಿಟ್ಟು ಯೋಜನೆಯ ಆಡಳಿತದ ಕಡತವನ್ನೂ ಓದಿ ಎನ್ನುತ್ತೇನೆ. ಒಳ್ಳೆಯ ಉದಾಹರಣೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಅದರ ಕರ್ತೃ ಗೀಡೊ ವ್ಯಾನ್ ರೋಸಮ್ ಬಹುಕಾಲ ಅಂತಿಮ ಮಾತಿನ ಅಧಿಕಾರ ಹೊಂದಿದ್ದರು. ಭಾಷೆಗೆ ಬದಲಾವಣೆ ಸೂಚಿಸುವ ಪಿಇಪಿ 572 ಎಂಬ ಪ್ರಸ್ತಾವದ ಸುತ್ತ ನಡೆದ ಕಹಿಯಾದ ವಾದವಿವಾದದ ನಂತರ 2018ರ ಜುಲೈನಲ್ಲಿ ಆ ಸ್ಥಾನದಿಂದ ಇಳಿದರು. ಪ್ರಮುಖ ಡೆವಲಪರ್‌ಗಳು ಹಲವು ಆಡಳಿತ ಮಾದರಿಗಳನ್ನು ಮುಂದಿಟ್ಟುಕೊಂಡು ಮತ ಹಾಕಿ, ಐದು ಜನರ ಚುನಾಯಿತ ಮಂಡಳಿಯನ್ನು ಆರಿಸಿಕೊಂಡರು. ಆ ನಿಯಮಾವಳಿಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಷರತ್ತು: ಒಂದೇ ಸಂಸ್ಥೆಯ ನೌಕರರು ಮಂಡಳಿಯಲ್ಲಿ ಇಬ್ಬರಿಗಿಂತ ಹೆಚ್ಚು ಇರುವಂತಿಲ್ಲ. ಪೈಥಾನ್ ಕೂಡ ಕೊಡುಗೆದಾರರಿಂದ ಒಪ್ಪಂದ ಕೇಳುತ್ತದೆ, ಆದರೆ ಚುಕ್ಕಾಣಿ ಒಬ್ಬರ ಕೈಯಲ್ಲಿಲ್ಲದಿರುವುದರಿಂದ ನಾನು ಧೈರ್ಯವಾಗಿ ಸಹಿ ಹಾಕುತ್ತೇನೆ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಎಐ ಬರೆದುಕೊಟ್ಟ ಕೋಡನ್ನು ಕಳಿಸುವ ಮುನ್ನ ಯೋಜನೆಯ ನಿಯಮ ನೋಡಿ. ಜೆಂಟೂ ಎಂಬ ಲಿನಕ್ಸ್ ವಿತರಣೆ 2024ರ ಏಪ್ರಿಲ್‌ನಲ್ಲೇ ಅಂಥ ಕೊಡುಗೆಗಳನ್ನು ನಿಷೇಧಿಸಿತು. ಹಕ್ಕುಸ್ವಾಮ್ಯದ ಅನಿಶ್ಚಿತತೆ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು.

ನಿಮ್ಮ ಸದ್ಯದ ಕೆಲಸಕ್ಕೆ ಬಂದರೆ, ಮೊದಲು ನೇಮಕಾತಿ ಪತ್ರ ತೆಗೆದು ನೋಡಿ. ನಂತರ ಮ್ಯಾನೇಜರಿಗೆ ಇಮೇಲ್‌ನಲ್ಲಿ, ಬಾಯಿಮಾತಿನಲ್ಲಲ್ಲ, ಯೋಜನೆಯ ಹೆಸರು, ಅದರ ಪರವಾನಗಿ, ಕಳಿಸಬೇಕೆಂದಿರುವ ಬದಲಾವಣೆ ಇಷ್ಟನ್ನು ಬರೆದು ಅನುಮತಿ ಕೇಳಿ. ನನಗೆ ಉತ್ತರ ಬರಲು ಮೂರು ವಾರ ಹಿಡಿಯಿತು, ಬಂದದ್ದು ಎರಡು ಸಾಲು, ಆದರೆ ಆ ಎರಡು ಸಾಲನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅಲ್ಲಿಯವರೆಗೆ ನಾನು ಕೋಡ್ ಕಳಿಸಲಿಲ್ಲ. ‘ಅಂಗಡಿ’ ಎಲ್ಲಿ ಬರಬೇಕು, ಎಲ್ಲಿ ಬರುತ್ತಿದೆ ಎಂದು ವಿವರಿಸುವ ದೋಷ ವರದಿಯನ್ನು ಮಾತ್ರ ಹಾಕಿ, ಪ್ಯಾಚ್ ಸಿದ್ಧವಿದೆ, ಉದ್ಯೋಗದಾತರ ಅನುಮತಿಗೆ ಕಾಯುತ್ತಿದ್ದೇನೆ ಎಂದು ಬರೆದೆ. ಆ ಲೈಬ್ರರಿಯನ್ನು ನೋಡಿಕೊಳ್ಳುವ ಮೇಂಟೇನರ್ ಆ ವರದಿಯನ್ನು ನನ್ನ ಹೆಸರಿಗೇ ಕಾದಿರಿಸಿಕೊಂಡು ಕಾದರು.