ಬಾಗಿಲಲ್ಲಿ ನಿಂತು ಹೇಳುವ ರೇಟು

ಪ್ರಶ್ನೆ: ಮೇಡಂ, ನಾನು ಒಂದು ಎಸ್ಕಾರ್ಟ್ ಏಜೆನ್ಸಿ ಮೂಲಕ ಕೆಲಸ ಮಾಡುತ್ತೇನೆ. ಫೋನಿನಲ್ಲಿ ಗಿರಾಕಿಗೆ ಹೇಳುವುದು ಏಜೆನ್ಸಿಯ ಶುಲ್ಕ ಮಾತ್ರ. ನನ್ನ ದುಡ್ಡನ್ನು ಅಲ್ಲಿಗೆ ಹೋದ ಮೇಲೆ ‘ಟಿಪ್ಸ್’ ಅಂತ ನಾನೇ ಕೇಳಿ ಇಸಿದುಕೊಳ್ಳಬೇಕು. ‘ಎಲ್ಲಾ ಸೇರಿಸಿ ಹೇಳಿದ್ದರಲ್ಲ’ ಎಂದು ಗಿರಾಕಿಗಳು ಜಗಳಕ್ಕೇ ಬರುತ್ತಾರೆ. ಪೂರ್ತಿ ರೇಟು ಮೊದಲೇ ಹೇಳಿ ಅಂದರೆ, ಆಮೇಲೆ ಯಾರೂ ಕರೆಯುವುದಿಲ್ಲ ಅನ್ನುತ್ತಾರೆ ಏಜೆನ್ಸಿಯವರು. ಏನು ಮಾಡಲಿ?
— ಹೆಸರು ಬೇಡ

ಉತ್ತರ: ನಿಮ್ಮ ಏಜೆನ್ಸಿಯವರು ಜಾಣರು. ಗಿರಾಕಿಯ ಮೂಗಿಗೆ ತುಪ್ಪ ಸವರುವವರು ಅವರು, ಬೈಗುಳ ತಿನ್ನುವವರು ನೀವು. ಅವರ ಪಾಲು ಮೊದಲೇ ಗಟ್ಟಿ. ಚೌಕಾಸಿ ಮಾತ್ರ ನಿಮ್ಮ ಪಾಲಿನದು, ಅದೂ ಗುರುತಿಲ್ಲದವನ ಕೋಣೆಯಲ್ಲಿ, ಒಬ್ಬರೇ ಇರುವಾಗ. ನನಗೆ ಸಿಟ್ಟು ಬರುವುದು ಇಲ್ಲಿಗೇ. ಸುಳ್ಳು ಹೇಳಿದ್ದು ತಪ್ಪು ಅನ್ನುವುದು ಹಾಗಿರಲಿ, ಫೋನಿನಲ್ಲೇ ಮುಗಿಯಬೇಕಿದ್ದ ಜಗಳವನ್ನು ಮುಚ್ಚಿದ ಬಾಗಿಲ ಹಿಂದಕ್ಕೆ ಕಳಿಸಿದ್ದಾರಲ್ಲ, ಅದು ಅಪಾಯ. ಅವನಿಗೂ ಮೋಸ ಹೋದೆ ಅನ್ನಿಸಿರುತ್ತದೆ, ಅನ್ನಿಸದೆ ಇರುತ್ತದೆಯೇ?

ಕೊಡಲೇಬೇಕಾದ ದುಡ್ಡು ಟಿಪ್ಸ್ ಅಲ್ಲ, ಅದು ನಿಮ್ಮ ಸಂಬಳ. ಹೊರಡುವ ಮೊದಲು ಗಿರಾಕಿಗೆ ನೀವೇ ಒಂದು ಮೆಸೇಜ್ ಕಳಿಸಿ: ‘ಒಂದು ಗಂಟೆಗೆ ಒಟ್ಟು ಇಷ್ಟು. ಏಜೆನ್ಸಿ ಶುಲ್ಕ, ಓಡಾಟದ ಖರ್ಚು ಎಲ್ಲ ಇದರಲ್ಲೇ ಸೇರಿದೆ. ಬೇರೆ ಏನೂ ಕೊಡಬೇಕಾಗಿಲ್ಲ.’ ಒಪ್ಪಿದೆ ಎಂಬ ಉತ್ತರ ಬರುವ ತನಕ ಮನೆ ಬಿಡಬೇಡಿ. ಹೋದ ಕೂಡಲೇ ದುಡ್ಡು ಇಸಿದುಕೊಂಡು ಅವನೆದುರೇ ಎಣಿಸಿ. ಎಣಿಸಲು ನಾಚಿಕೆ ಬೇಡ, ಬ್ಯಾಂಕಿನವರೂ ಎಣಿಸುತ್ತಾರೆ. ಕಡಿಮೆ ಇದ್ದರೆ ವಾದಕ್ಕೆ ನಿಲ್ಲದೆ ಹೊರಟುಬಿಡಿ.

ಆಮೇಲೆ ವಸೂಲಿ ಮಾಡುತ್ತೇನೆ ಅನ್ನುವ ಮಾತು ಎಲ್ಲ ಕಡೆ ನಡೆಯದು. ಜರ್ಮನಿಯಲ್ಲಿ 2002ರ ಕಾನೂನು ಬಂದ ಮೇಲೆ, ಒಪ್ಪಿಕೊಂಡ ಹಣವನ್ನು ಕೋರ್ಟಿನಲ್ಲಿ ಕೇಳುವ ಹಕ್ಕು ಈ ಕೆಲಸ ಮಾಡುವವರಿಗೆ ಸಿಕ್ಕಿತು. ಕಾನೂನು ಈ ವ್ಯವಹಾರವನ್ನೇ ಒಪ್ಪದ ಕಡೆ ಬಾಕಿ ಹೋದರೆ ಹೋಯಿತು. 1866ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಕಸುಬಿನ ಹೆಣ್ಣೊಬ್ಬಳಿಗೆ ಸಾರೋಟು ಕೊಟ್ಟವರು ಬಾಕಿ ಕೇಳಿ ಕೋರ್ಟಿಗೆ ಹೋದರು. ಗಾಡಿ ಯಾವುದಕ್ಕೆಂದು ಗೊತ್ತಿದ್ದೇ ಕೊಟ್ಟಿದ್ದೀರಿ, ಬಾಕಿ ಸಿಗದು ಎಂದಿತು ಕೋರ್ಟು. ಗಾಡಿಯವರ ಗತಿಯೇ ಹೀಗಾದರೆ ನಿಮ್ಮದು ಕೇಳಬೇಕೆ?

ಇನ್ನು ಯಾರೂ ಕರೆಯುವುದಿಲ್ಲ ಎಂಬ ಹೆದರಿಕೆ. ಕರೆ ಕಡಿಮೆ ಆಗಬಹುದು, ಅಲ್ಲಗಳೆಯುವುದಿಲ್ಲ. ಆದರೆ ಪೂರ್ತಿ ರೇಟು ಕೇಳಿ ಫೋನ್ ಇಡುವವನು ಬಾಗಿಲಲ್ಲೂ ಅಷ್ಟು ಕೊಡುವವನಲ್ಲ. ನಿಮ್ಮ ಓಡಾಟವಾದರೂ ಉಳಿಯಿತಲ್ಲ. ಇದಕ್ಕೆ ಏಜೆನ್ಸಿ ಒಪ್ಪದಿದ್ದರೆ ಬೇರೆ ದಾರಿ ನೋಡಿಕೊಳ್ಳಿ.

ಪ್ರಶ್ನೆ: ಎಸ್ಕಾರ್ಟ್‌ಗೆ ಹೇಳಿದ ರೇಟು ಕೊಟ್ಟ ಮೇಲೂ ಟಿಪ್ಸ್ ಕೊಡಬೇಕೇ? ಕೊಡದಿದ್ದರೆ ಜಿಪುಣ ಅಂದುಕೊಳ್ಳುತ್ತಾರಾ? ಜಾಸ್ತಿ ಕೊಟ್ಟರೆ ಜಾಸ್ತಿ ಕೇಳಬಹುದಾ?
— ಒಬ್ಬ ಓದುಗ

ಉತ್ತರ: ಕೊಡಲೇಬೇಕೆಂದಿಲ್ಲ. ತನ್ನ ರೇಟನ್ನು ತಾನೇ ಇಟ್ಟುಕೊಂಡವಳಿಗೆ ಅದರಲ್ಲೇ ಎಲ್ಲ ಬಂದಿರುತ್ತದೆ. ಏಜೆನ್ಸಿಯಿಂದ ಬಂದವಳಾದರೆ ಕಮಿಷನ್ ಹೋಗಿ ಕೈಗೆ ಉಳಿಯುವುದು ಬೇರೆಯೇ. ಮನಸ್ಸಿದ್ದರೆ ಕೊನೆಯಲ್ಲಿ, ಅವಳ ಕೈಗೇ ಕೊಡಿ.

ಮೂರನೆಯ ಪ್ರಶ್ನೆಗೆ ಉತ್ತರ, ಇಲ್ಲ. ಅವಳು ಮೊದಲೇ ಬೇಡ ಅಂದದ್ದನ್ನು ನೋಟು ತೋರಿಸಿ ಮತ್ತೆ ಕೇಳಬೇಡಿ. ನ್ಯೂಜಿಲೆಂಡಿನಲ್ಲಿ ಈ ಕಸುಬು 2003ರಿಂದ ಅಪರಾಧವಲ್ಲ. ಅಲ್ಲಿನ ಕಾನೂನು ಕೂಡ ದುಡ್ಡಿನ ಒಪ್ಪಂದ ಬೇರೆ, ಸಮ್ಮತಿ ಬೇರೆ ಅನ್ನುತ್ತದೆ. ಒಪ್ಪಿದ್ದವಳು ನಡುವೆ ಸಾಕು ಅಂದರೂ ಸಾಕೇ. ದುಡ್ಡಿನ ತಕರಾರು ಇದ್ದರೆ ಅದನ್ನು ಬೇರೆಯಾಗಿ ಬಗೆಹರಿಸಿಕೊಳ್ಳಬೇಕು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮುಂಗಡ ಹಾಕಿದ ಮೇಲೆ ‘ಸೆಕ್ಯುರಿಟಿ ಡೆಪಾಸಿಟ್’, ಆಮೇಲೆ ‘ಗುರುತಿನ ಶುಲ್ಕ’ ಅಂತ ಒಂದಾದ ಮೇಲೊಂದು ಕೇಳತೊಡಗಿದರೆ, ಆ ಕಡೆ ಯಾವ ಹೆಣ್ಣೂ ಇರುವುದಿಲ್ಲ. ಮನೆಯವರಿಗೆ ಹೇಳುತ್ತೇವೆ ಎಂದು ಹೆದರಿಸಿದರೂ ಮತ್ತೆ ಒಂದು ಪೈಸೆ ಕಳಿಸಬೇಡಿ. ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ.