ಬೆಂಗಳೂರಿನ ಫ್ರೀಡಂ ಪಾರ್ಕ್‌ನ ನಡುವೆ ಕಾವಲು ಗೋಪುರ ಏಕಿದೆ?

ಆ ಜಾಗ ಮೊದಲು ಕೇಂದ್ರ ಕಾರಾಗೃಹವಾಗಿತ್ತು. ಉದ್ಯಾನ ರೂಪಿಸಿದವರು ಗೋಪುರವನ್ನು ಕೆಡವದೆ ಉಳಿಸಿಕೊಂಡರು.

19ನೇ ಶತಮಾನದಲ್ಲಿ, ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿದ್ದಾಗ, ಕಟ್ಟಿದ ಈ ಸೆರೆಮನೆಯ ವಿನ್ಯಾಸದ ಗುಟ್ಟೇ ಆ ಗೋಪುರ. ಅದರ ಸುತ್ತ ಬ್ಯಾರಕ್‌ಗಳು ಗಾಡಿಚಕ್ರದ ಕಡ್ಡಿಗಳಂತೆ ಹರಡಿಕೊಂಡಿದ್ದರಿಂದ, ಮೇಲೆ ನಿಂತ ಒಬ್ಬಿಬ್ಬರು ಕಾವಲುಗಾರರಿಗೆ ಬ್ಯಾರಕ್‌ಗಳ ನಡುವಿನ ಅಂಗಳಗಳೆಲ್ಲ ಕಾಣುತ್ತಿದ್ದವು. ತನ್ನನ್ನು ಯಾವ ಗಳಿಗೆಯಲ್ಲಿ ನೋಡುತ್ತಿದ್ದಾರೆಂದು ಕೈದಿಗೆ ತಿಳಿಯುವಂತಿರಲಿಲ್ಲವಾದ್ದರಿಂದ, ಸದಾ ನೋಡುತ್ತಿದ್ದಾರೆಂದೇ ಅವನು ನಡೆದುಕೊಳ್ಳಬೇಕಾಗಿತ್ತು. ಅಗ್ಗದ, ಆದರೆ ನಿರ್ದಯವಾದ ಉಪಾಯ.

1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಸಭೆಗೆಂದು ನಗರಕ್ಕೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು ತುರ್ತುಪರಿಸ್ಥಿತಿ ಘೋಷಣೆಯಾದ ಬೆನ್ನಲ್ಲೇ ಇಲ್ಲಿಟ್ಟರು. ನಗರ ಬೆಳೆದು ಸೆರೆಮನೆ ಪೇಟೆಯ ನಟ್ಟನಡುವೆ ಸಿಲುಕಿದಂತಾದಾಗ ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಲಾಯಿತು. 2008ರಲ್ಲಿ ಉದ್ಯಾನ ತೆರೆಯಿತು. ಎಲ್ಲವನ್ನೂ ನೆಲಸಮ ಮಾಡಿ ಹುಲ್ಲುಹಾಸು ಹಾಸುವುದು ಸುಲಭವಿತ್ತು. ಗೋಪುರವನ್ನೂ ಕೆಲವು ಬ್ಯಾರಕ್‌ಗಳನ್ನೂ ಉಳಿಸಿದ್ದು ನನ್ನ ಮಟ್ಟಿಗೆ ಸರಿಯಾದ ನಿರ್ಧಾರ. ಆವರಣದ ಒಂದು ಭಾಗವನ್ನು ಪ್ರತಿಭಟನೆಗಳಿಗೆ ಮೀಸಲಿಟ್ಟಿದ್ದು, ಈಗ ನಗರದಲ್ಲಿ ಧರಣಿಗೆ ಅನುಮತಿ ಸಿಗುವುದು ಹೆಚ್ಚುಕಡಿಮೆ ಇಲ್ಲಿ ಮಾತ್ರ.