ಅತ್ತೆ ಮಾವ ಬಂದಿದ್ದಾರೆ, ಹಾಡೋಕೆ ಹೋಗೋದು ಹೇಗೆ?

ಇವರನ್ನು ಸುಮಾ ಅನ್ನೋಣ. ಮಲೆನಾಡಿನ ಕಡೆಯವರು, ವಯಸ್ಸು ನಲವತ್ತು ದಾಟಿದೆ, ಸಂಸಾರ ಅಮೆರಿಕದ ಷಿಕಾಗೋ ಹತ್ತಿರ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ. ನವೆಂಬರ್ ಕೊನೆಯಲ್ಲಿ ಸಲಹೆ ಕೇಳಿ ವಿಡಿಯೋ ಕರೆಯಲ್ಲಿ ಸಿಕ್ಕಾಗ ಅವರ ಮೊದಲ ಮಾತು, "ಮೇಡಂ, ಕಾಯರ್ ಬಿಟ್ಟುಬಿಡ್ತೀನಿ. ಈ ವರ್ಷ ಬೇಡ."

ಕಾಯರ್ ಅಂದರೆ ಹಲವರು ಸೇರಿ ಹಾಡುವ ತಂಡ. ತಮ್ಮ ಊರಿನ ಸಮುದಾಯ ಕಾಯರ್‌ನಲ್ಲಿ ಸುಮಾ ಆಲ್ಟೋ, ಅಂದರೆ ಹೆಂಗಸರ ಕೆಳಗಿನ ಸ್ಥಾಯಿ, ಹಾಡುತ್ತಾರೆ. ಸೆಪ್ಟೆಂಬರ್‌ನಿಂದ ಪ್ರತಿ ಸೋಮವಾರ ಸಂಜೆ ಅಭ್ಯಾಸ. ಡಿಸೆಂಬರ್ ಎರಡನೇ ಶನಿವಾರ ಒಂದು ಚರ್ಚ್‌ನಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮ, ಅದರ ಹಿಂದಿನ ವಾರ ಹೆಚ್ಚುಕಮ್ಮಿ ದಿನಾ ರಿಹರ್ಸಲ್. ಅತ್ತೆ ಮಾವ ಅಕ್ಟೋಬರ್‌ನಲ್ಲಿ ಬಂದವರು, ಮಾರ್ಚ್‌ವರೆಗೆ ಇರುತ್ತಾರೆ. ಕಾರ್ಯಕ್ರಮದ ಶನಿವಾರವೇ ನಾದಿನಿ, ಮಕ್ಕಳನ್ನು ಕಟ್ಟಿಕೊಂಡು ಬೇರೆ ರಾಜ್ಯದಿಂದ ಬರುವವರಿದ್ದರು. "ಒಂದು ವರ್ಷ ಬಿಟ್ರೆ ಏನಾಗುತ್ತೆ?" ಅಂದಿದ್ದರು ಗಂಡ.

ನೀವು ಹಾಡೋದು ಅತ್ತೆ ಮಾವನಿಗೆ ಗೊತ್ತಾ ಎಂದು ಕೇಳಿದೆ. ಗೊತ್ತಿರಲಿಲ್ಲ. ಸೋಮವಾರ "ಆಫೀಸ್ ಮೀಟಿಂಗ್" ಅಂತ ಹೇಳಿ ಹೊರಡುತ್ತಿದ್ದರಂತೆ. ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ, ಕಾರಿನಲ್ಲಿ ಕೂತು ಅಭ್ಯಾಸ. ಒಂದು ದಿನ ಪಾತ್ರೆ ತೊಳೆಯುತ್ತಾ ಗುನುಗಿದಾಗ ಅತ್ತೆ, "ಇದೇನಮ್ಮಾ, ಒಂದೇ ಸ್ವರದ ಮೇಲೆ ನಿಂತುಬಿಟ್ಟಿದೀಯ?" ಎಂದರು. ಅವರು ಕೇಳಿದ್ದು ಸರಿಯಾಗೇ ಇತ್ತು. ಆ ಸಂಗೀತದಲ್ಲಿ ನಾಲ್ಕು ಬಗೆಯ ದನಿಗಳು ಒಟ್ಟಿಗೆ ಸೇರಬೇಕು. ಧಾಟಿ ಜಾಸ್ತಿ ಸೊಪ್ರಾನೋದವರ, ಅಂದರೆ ಹೆಂಗಸರ ಮೇಲಿನ ಸ್ಥಾಯಿಯವರ, ಪಾಲಿಗೆ ಹೋಗುತ್ತದೆ, ಆಲ್ಟೋ ಒಂದನ್ನೇ ಕೇಳಿದರೆ ಹಾಡು ಗುರುತೇ ಸಿಗುವುದಿಲ್ಲ. ಆದರೆ ಸುಮಾಗೆ ಆ ಮಾತು ಚುಚ್ಚಿತು. ಹುಡುಗಿಯಾಗಿದ್ದಾಗ ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಪಾಸು ಮಾಡಿದ್ದರು. ಸೀನಿಯರ್‌ಗೆ ಕೂರಬೇಕಾದ ವರ್ಷ ಮದುವೆ ಆಯಿತು, ಅಲ್ಲಿಗೆ ಹಾಡು ನಿಂತಿತು.

ಮಾವನ ಭಯ ಬೇರೆ. ದಿನಾ ಸಂಧ್ಯಾವಂದನೆ ಮಾಡುವ ಮನುಷ್ಯ. ಸೊಸೆ ಚರ್ಚ್‌ನಲ್ಲಿ ನಿಂತು ಏಸುವಿನ ಹಾಡು ಹೇಳಿದರೆ ಏನಂದುಕೊಂಡಾರು? ಅವರನ್ನೇ ಕೇಳಿದ್ದೀರಾ ಅಂದರೆ, ಅದೂ ಇಲ್ಲ.

ಸುಮಾರ ಸಂಕಟ ಸುಳ್ಳಲ್ಲ. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಹಿರಿಯರಿಗೆ ಕಾರು ಬಿಡಲು ಬರುವುದಿಲ್ಲ, ಹೋಗಿ ಹರಟೆ ಹೊಡೆಯೋಣ ಅಂದರೆ ಪಕ್ಕದ ಮನೆಯವರ ಪರಿಚಯವಿಲ್ಲ. ಮಗ ಸೊಸೆ ಬರುವುದನ್ನೇ ಕಾಯುತ್ತಾ ಕೂರುತ್ತಾರೆ. ಅಂಥವರನ್ನು ಸಂಜೆ ಬಿಟ್ಟು ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಸುಮಾ ಹಾಡು ಬಿಟ್ಟರೆ ಅವರ ಒಂಟಿತನ ಹೋಗುತ್ತದಾ? ಮನೆಯಲ್ಲಿ ಮುಖ ಊದಿಸಿಕೊಂಡು ಕೂತ ಸೊಸೆಯಿಂದ ಯಾರಿಗೆ ಸುಖ?

ಉದ್ದನೆಯ ಸ್ವರವನ್ನು ಕಾಯರ್ ಹೇಗೆ ಹಿಡಿಯುತ್ತದೆ ಎಂದು ಅವರು ನನಗೆ ವಿವರಿಸಿದರು. ಎಲ್ಲರೂ ಒಟ್ಟಿಗೆ ಉಸಿರೆಳೆದರೆ ಸ್ವರ ಕಡಿದುಹೋಗುತ್ತದೆ. ಅದಕ್ಕೇ ಪಕ್ಕದವಳು ಉಸಿರೆಳೆಯುವಾಗ ಇವರು ಹಾಡುತ್ತಿರಬೇಕು, ಇವರು ಎಳೆಯುವಾಗ ಅವಳು. ಹೇಳುತ್ತಾ ಹೇಳುತ್ತಾ ಕೈಯಾಡಿಸಿ ತೋರಿಸಿದರು, ದನಿ ಗಟ್ಟಿಯಾಯಿತು. ಬಿಡುವ ಮನಸ್ಸು ಇವರಿಗೆ ಇಲ್ಲವೇ ಇಲ್ಲ ಅಂತ ನನಗೆ ಖಾತ್ರಿಯಾಯಿತು.

ನಾನು ಹೇಳಿದ್ದು ಇಷ್ಟು. ಮೊದಲು ಗಂಡನ ಹತ್ತಿರ ಮಾತಾಡಿ. ಅವರ ಅಪ್ಪ ಅಮ್ಮ, ಅವರ ತಂಗಿ. ಆ ವಾರದ ಸಂಜೆಗಳು ಅವರ ಜವಾಬ್ದಾರಿ. ಸುಮಾ ತಕ್ಷಣ, "ಹಾಗಾದ್ರೆ ಸಾರು, ಪಲ್ಯ ಎಲ್ಲ ಮುಂಚೇನೇ ಮಾಡಿ ಫ್ರಿಜ್‌ನಲ್ಲಿ ಇಟ್ಟು ಹೋಗ್ತೀನಿ" ಎಂದರು. ಬೇಡ ಎಂದೆ. ಹಾಡಲು ಹೋಗುವುದಕ್ಕೆ ದಂಡ ಕಟ್ಟಬೇಕಾಗಿಲ್ಲ. ಮಗ ಅನ್ನ ಇಡಲಿ, ಅಪ್ಪ ತರಕಾರಿ ಹೆಚ್ಚಲಿ. ಸಂಜೆ ಕೈಗೊಂದು ಕೆಲಸ ಸಿಕ್ಕರೆ ಹಿರಿಯರಿಗೂ ಒಳ್ಳೆಯದೇ.

ಎರಡನೆಯದು, ಮೀಟಿಂಗ್ ಅನ್ನುವ ಸುಳ್ಳು ಇವತ್ತೇ ನಿಲ್ಲಲಿ. ಹೇಳುವ ಮಾತನ್ನೂ ಕೂತು ಸಿದ್ಧಮಾಡಿದೆವು: "ಅತ್ತೆ, ಸೋಮವಾರ ನಾನು ಹೋಗೋದು ಹಾಡೋಕೆ. ಹೇಳೋಕೆ ಸಂಕೋಚ ಆಗಿತ್ತು. ಶನಿವಾರ ಕಾರ್ಯಕ್ರಮ ಇದೆ. ನೀವು ಬಂದ್ರೆ ನಂಗೆ ತುಂಬಾ ಖುಷಿ." ಕೊನೆಗೆ "ಹೋಗಲಾ?" ಅಂತ ಸೇರಿಸಬೇಡಿ. ಹಾಗೆ ಕೇಳಿದರೆ ಅವರು ಬೇಡ ಅನ್ನಬಹುದು, ಆಮೇಲೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ನ್ಯಾಯವಲ್ಲ.

ಬರುವವರಿಗೆ ಅಲ್ಲಿನ ಪದ್ಧತಿ ಮೊದಲೇ ತಿಳಿಸಿ ಎಂದೂ ಹೇಳಿದೆ. ನಡುವೆ ಎದ್ದು ಓಡಾಡುವ ಹಾಗಿಲ್ಲ, ನಮ್ಮ ಸಂಗೀತ ಕಛೇರಿಯ ಥರ ಭೇಷ್ ಅನ್ನುವ ಹಾಗಿಲ್ಲ. ಅವತ್ತು ಪಾಶ್ಚಾತ್ಯ ಸಂಗೀತಕಾರ ಹ್ಯಾಂಡೆಲ್‌ನ ಮೆಸ್ಸಾಯ ಎಂಬ, ಏಸುವಿನ ಕುರಿತ ಕೃತಿಯ ಭಾಗಗಳಿದ್ದವು. 1741ರಲ್ಲಿ ಬರೆದು ಮರುವರ್ಷ ಡಬ್ಲಿನ್‌ನಲ್ಲಿ ಮೊದಲು ಹಾಡಿದ್ದು. ಅದರ ಹಲ್ಲೆಲೂಯ ಎಂಬ ಹಾಡು ಶುರುವಾದರೆ ಸಭೆಯಲ್ಲಿ ಬಹಳ ಜನ ಎದ್ದು ನಿಲ್ಲುವ ರೂಢಿ ಇದೆ. ಹೇಳದೇ ಇದ್ದರೆ ಮಾವ ಗಾಬರಿಯಾಗುತ್ತಾರೆ.

ಮಾವ ಒಂದು ಚೂರೂ ಬೇಸರಪಡಲಿಲ್ಲ. "ಮುತ್ತುಸ್ವಾಮಿ ದೀಕ್ಷಿತರೇ ಬ್ರಿಟಿಷರ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಬರೆದಿದಾರೆ. ನೊಟ್ಟುಸ್ವರ ಕಲಿತಿಲ್ವೇನಮ್ಮಾ ನೀನು?" ಎಂದರಂತೆ. ಕಲಿತಿದ್ದರು. ಮಾವ ಬಂದರು, ಮೂರನೇ ಸಾಲಿನಲ್ಲಿ ಕೂತರು, ಹಲ್ಲೆಲೂಯಕ್ಕೆ ಎಲ್ಲರಿಗಿಂತ ಮೊದಲು ಎದ್ದರು.

ಅತ್ತೆ ಬರಲಿಲ್ಲ. ಮಂಡಿ ನೋವು, ಚಳಿ ಅಂದು ಮೊಮ್ಮಕ್ಕಳ ಜೊತೆ ಉಳಿದರು. ಮುಂದಿನ ವಾರ ಸುಮಾ ಅತ್ತರು. ಮಾವ ಬಂದಿದ್ದಕ್ಕಿಂತ ಇದೇ ಜಾಸ್ತಿ ಕಾಡುತ್ತಿತ್ತು. ಅತ್ತೆಯ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸುತ್ತಾ ಕೂರಬೇಡಿ ಎಂದೆ. ಮಂಡಿ ನೋವು ನಿಜವೇ ಇರಬಹುದು. "ನೀವು ಇದ್ದಿದ್ರೆ ಚೆನ್ನಾಗಿರ್ತಿತ್ತು" ಅಂತ ಒಂದೇ ಸಲ ಹೇಳಿ, ಅಲ್ಲಿಗೆ ಬಿಡಿ. ಕಾರ್ಯಕ್ರಮದ ರೆಕಾರ್ಡಿಂಗ್ ಹಾಕಿ, ನಾಲ್ಕೂ ದನಿ ಕೂಡಿದಾಗ ಹೇಗಿರುತ್ತದೆ ಎಂದು ಅವರೂ ಕೇಳಲಿ. ಇಷ್ಟವಾಗದಿದ್ದರೂ ಪರವಾಗಿಲ್ಲ.

ಜನವರಿಯಲ್ಲಿ ಮತ್ತೆ ಅಭ್ಯಾಸ ಶುರು. ಸೋಮವಾರಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಲು ಹೇಳಿದ್ದೇನೆ. ಆ ಸಂಜೆಗಳಲ್ಲಿ ಗಂಡ ಅಪ್ಪ ಅಮ್ಮನನ್ನು ಷಿಕಾಗೋ ಹತ್ತಿರದ ಲೆಮಾಂಟ್‌ನ ದೇವಸ್ಥಾನಕ್ಕೋ, ಕನ್ನಡ ಮಾತಾಡುವ ಸ್ನೇಹಿತರ ಮನೆಗೋ ಕರೆದುಕೊಂಡು ಹೋಗಲು ಒಪ್ಪಿದ್ದಾರೆ.